ಬೇಡ ಎನ್ನುವ ಹಕ್ಕು

ಊರಿನ ಸೊಸೈಟಿಯಲ್ಲಿ ಷೇರು ಇಟ್ಟವರನ್ನು ಕೇಳಿ ನೋಡಿ, ‘ಈ ಸಂಘ ನಿಮ್ಮದೇ?’ ಎಂದು. ಹೆಚ್ಚಿನವರು ತಡವರಿಸುತ್ತಾರೆ. ಸಾಲ ಸಿಗುತ್ತದೆ, ಗೊಬ್ಬರ ಸಿಗುತ್ತದೆ, ವರ್ಷಕ್ಕೊಮ್ಮೆ ಮಹಾಸಭೆಯ ನೋಟಿಸು ಬರುತ್ತದೆ. ಆದರೂ ‘ನನ್ನದು’ ಎನ್ನಲು ನಾಲಿಗೆ ಏಳುವುದಿಲ್ಲ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಇಲ್ಲೇ ಹೀಗಾದರೆ, ಸದಸ್ಯ ಎಂದರೆ ಯಾರು ಎಂದು ಕೇಳಿಕೊಳ್ಳಲೇಬೇಕು. ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಮಿಗ್ರೋಸ್ ಎಂಬ ಸೂಪರ್‌ಮಾರ್ಕೆಟ್ಟಿನ ಕಥೆಯಲ್ಲಿ.

1925ರಲ್ಲಿ ಗಾಟ್‌ಲೀಬ್ ಡುಟ್‌ವೈಲರ್ ಜ್ಯೂರಿಕ್‌ನ ಬೀದಿಗಳಿಗೆ ಐದು ಲಾರಿ ಇಳಿಸಿದರು. ಅವುಗಳಲ್ಲಿದ್ದದ್ದು ಕಾಫಿ, ಅಕ್ಕಿ, ಸಕ್ಕರೆ, ಪಾಸ್ತಾ, ಕೊಬ್ಬರಿ ಜಿಡ್ಡು, ಸೋಪು, ಆರೇ ಆರು ಸಾಮಾನು. ನಡುವಿನ ದಲ್ಲಾಳಿಗಳಿಲ್ಲದ್ದರಿಂದ ಬೆಲೆ ಅಗ್ಗ. ವರ್ತಕರು ತಿರುಗಿಬಿದ್ದರು, ತಯಾರಕರು ಸರಕು ಕೊಡಲೊಲ್ಲೆ ಎಂದರು. ಆಗ ಡುಟ್‌ವೈಲರ್ ತಾವೇ ತಯಾರಿಕೆಗೂ ಕೈಹಾಕಿದರು. ಬೆಳೆದು ನಿಂತ ಆ ಕಂಪನಿಯನ್ನು 1941ರಲ್ಲಿ ಸಹಕಾರಿ ಸಂಘವಾಗಿಸಿ ಗ್ರಾಹಕರ ಕೈಗೇ ಒಪ್ಪಿಸಿದರು. ಇಂದು ಸುಮಾರು 90 ಲಕ್ಷ ಜನರ ಆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಅದರ ಸದಸ್ಯರು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದೂ ಅಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅಂಗಡಿ ತೆರೆದ 28 ಜನ ತಲಾ ಒಂದು ಪೌಂಡ್ ಕೂಡಿಸಿದ್ದರು. ಲಾಭದಲ್ಲಿ ಖರೀದಿಗೆ ತಕ್ಕ ಪಾಲು ಪಡೆಯುತ್ತಿದ್ದರು. ಮಿಗ್ರೋಸ್‌ನಲ್ಲಿ ಷೇರು ಉಚಿತ, ಡಿವಿಡೆಂಡ್ ಇಲ್ಲ. ಕಾಸು ಹಾಕದೆ, ಕಾಸು ಪಡೆಯದೆ ಒಡೆಯನಾಗುವುದು ಹೇಗೆ?

2022ರ ಜೂನ್ ಇದಕ್ಕೆ ಉತ್ತರ ಕೊಟ್ಟಿತು. ಮಿಗ್ರೋಸ್ ಅಂಗಡಿಗಳಲ್ಲಿ ಮದ್ಯವಾಗಲೀ ತಂಬಾಕಾಗಲೀ ಮಾರುವುದಿಲ್ಲ. ಇದು ಡುಟ್‌ವೈಲರ್ ಕಾಲದಿಂದ ಬಂದ ನಿಯಮ. ಎದುರಂಗಡಿಗಳು ವೈನು, ಬಿಯರು ಮಾರಿ ಗಳಿಸುತ್ತಿರುವಾಗ ಮದ್ಯದ ನಿಷೇಧವನ್ನಾದರೂ ಸಡಿಲಿಸೋಣವೇ ಎಂಬ ಪ್ರಶ್ನೆ ಎದ್ದಿತು. ಆಡಳಿತ ಮಂಡಳಿ ಅದನ್ನು ಬಾಗಿಲು ಹಾಕಿಕೊಂಡು ತೀರ್ಮಾನಿಸಲಿಲ್ಲ, ಸದಸ್ಯರ ಮತಕ್ಕೆ ಹಾಕಿತು. ಫ್ರೆಂಚ್‌ನಲ್ಲಿ ‘ಹೌದು’ ಮತ್ತು ‘ಬೇಡ’ ಎಂಬ ಹೆಸರಿನ ಎರಡು ಬಿಯರುಗಳನ್ನೂ ಮೊದಲೇ ಘೋಷಿಸಿತ್ತು: ಹೌದು ಗೆದ್ದರೆ ಮದ್ಯವಿರುವುದು, ಬೇಡ ಗೆದ್ದರೆ ಮದ್ಯವಿಲ್ಲದ್ದು ಮಾರಾಟಕ್ಕೆ. ಹತ್ತು ಪ್ರಾಂತೀಯ ಸಂಘಗಳಲ್ಲಿ ಹತ್ತಕ್ಕೆ ಹತ್ತೂ ಬೇಡ ಎಂದವು.

ಮಿಗ್ರೋಸ್ ಸಮೂಹಕ್ಕೇ ಸೇರಿದ ಡೆನ್ನರ್ ಅಂಗಡಿಗಳಲ್ಲಿ ಮದ್ಯವೂ ಸಿಗರೇಟೂ ಸಿಗುತ್ತವೆ ಎಂಬುದನ್ನು ಮುಚ್ಚಿಡಲಾಗದು. ಆ ತೀರ್ಪಿನ ನೈತಿಕ ತೂಕವನ್ನು ಇದು ತಗ್ಗಿಸುತ್ತದೆ, ಒಪ್ಪುತ್ತೇನೆ. ಆದರೆ ಲಾಭಕ್ಕೆ ಹೊಡೆತ ಬೀಳಬಹುದಾದ ಪ್ರಶ್ನೆಯನ್ನು ಸದಸ್ಯರ ಮುಂದಿಟ್ಟದ್ದೂ, ಬಂದ ಉತ್ತರಕ್ಕೆ ತಲೆಬಾಗಿದ್ದೂ ನಿಜವೇ. ನನ್ನ ಮಟ್ಟಿಗೆ ಒಡೆತನವೆಂದರೆ ಇದು. ವಹಿವಾಟಿನ ಒಂದಂಶವನ್ನು ಸಂಸ್ಕೃತಿ, ಶಿಕ್ಷಣಕ್ಕೆ ಮೀಸಲಿಡಬೇಕೆಂದು 1957ರಲ್ಲಿ ಬೈಲಾದಲ್ಲೇ ಬರೆದಿಟ್ಟದ್ದಕ್ಕೂ ಬಲ ಇರುವುದು ಇಲ್ಲಿಂದಲೇ.

ನಮ್ಮ ಎಷ್ಟೋ ಮಹಾಸಭೆಗಳಲ್ಲಿ ವರದಿ ಓದುತ್ತಾರೆ, ಕೈ ಎತ್ತಿಸುತ್ತಾರೆ, ಉಪ್ಪಿಟ್ಟು ಕಾಫಿ ಆಗುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ ಬರಲಿ: ‘ನಮ್ಮ ಸೊಸೈಟಿ ಅಂಗಡಿಯಲ್ಲಿ ಬೀಡಿ, ಸಿಗರೇಟು ಮಾರಬೇಕೇ, ಬೇಡವೇ?’ ಚೀಟಿ ಹಂಚಿ, ಡಬ್ಬಿ ಇಟ್ಟು, ಸದಸ್ಯರ ಎದುರಿಗೇ ಎಣಿಸಲಿ.