ಕೆರೆಯ ಖರ್ಚು ಯಾರ ತಲೆಯ ಮೇಲೆ?



ಕೆರೆಯ ಹೂಳು ತೆಗೆಸಬೇಕೆಂದು ಊರಿನವರು ಅರಳಿಕಟ್ಟೆಯಲ್ಲಿ ಸೇರಿ, ಎಕರೆಗೆ ಇಷ್ಟೆಂದು ವಂತಿಗೆ ಗೊತ್ತುಮಾಡುತ್ತಾರೆ. ಅರ್ಧ ಜನ ಕೊಡುತ್ತಾರೆ. ಉಳಿದವರು 'ನೋಡೋಣ' ಎನ್ನುತ್ತಾರೆ. ಮಳೆ ಬಂದು ಕೆರೆ ತುಂಬಿದ ಮೇಲೆ ತೂಬಿನ ನೀರು ಕೊಟ್ಟವನ ಗದ್ದೆ, ಕೊಡದವನ ಗದ್ದೆ ಎಂದು ಭೇದ ಮಾಡುವುದಿಲ್ಲ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಮರುವರ್ಷ, ಮೊದಲು ಕೊಟ್ಟಿದ್ದವರೂ ಕೈ ಬಿಗಿಹಿಡಿದರು. ಅವರನ್ನು ದೂರುವಂತಿರಲಿಲ್ಲ.

ಇದೇ ತೊಡಕಿಗೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1887ರಲ್ಲಿ ಒಂದು ದಾರಿ ಹುಡುಕಿದರು. ಆ ವರ್ಷದ ರೈಟ್ ಕಾಯ್ದೆಯ ಪ್ರಕಾರ ಭೂಮಾಲೀಕರು ಅರ್ಜಿ ಹಾಕಿ, ಆ ಸೀಮೆಯ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಮತ ದೊರೆತರೆ ಅಲ್ಲಿ 'ನೀರಾವರಿ ಜಿಲ್ಲೆ' ಏರ್ಪಡುತ್ತಿತ್ತು. ಇದು ನಮ್ಮ ಜಿಲ್ಲಾಧಿಕಾರಿಗಳ ಜಿಲ್ಲೆಯಂಥದಲ್ಲ. ನೀರಿಗಾಗಿಯೇ ಮಾಡಿಕೊಂಡ, ಚುನಾಯಿತ ಮಂಡಳಿಯುಳ್ಳ ಸಂಸ್ಥೆ. ಒಪ್ಪದವನ ಜಮೀನಿನ ಮೇಲೂ ಈ ಮಂಡಳಿ ತೆರಿಗೆ ಹಾಕಬಹುದಿತ್ತು. ಆ ತೆರಿಗೆಯ ಭರವಸೆಯ ಮೇಲೆ ಬಾಂಡು ಮಾರಿ ಸಾಲ ಎತ್ತಬಹುದಿತ್ತು. ಬಾಕಿ ಉಳಿಸಿಕೊಂಡವನ ಜಮೀನು ಹರಾಜಿಗೆ ಬರುತ್ತಿತ್ತು. ನೀರು ಬೇಡವೆಂದ ದೊಡ್ಡ ಹಿಡುವಳಿದಾರರು ಸುಮ್ಮನಿರಲಿಲ್ಲ, ವ್ಯಾಜ್ಯಗಳು ಎದ್ದವು. 1896ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಈ ಕಾಯ್ದೆಯಡಿ ಮೊದಲು ಏರ್ಪಟ್ಟದ್ದು ಟರ್ಲಾಕ್ ಜಿಲ್ಲೆ. ನೆರೆಯ ಮಾಡೆಸ್ಟೊ ಜಿಲ್ಲೆಯೊಡನೆ ಕೂಡಿ ಅದು ಲಾ ಗ್ರಾಂಜ್ ಅಣೆಕಟ್ಟನ್ನು 1893ರಲ್ಲಿ ಮುಗಿಸಿತು. ಆದರೆ ಟರ್ಲಾಕಿನ ಕಾಲುವೆಗೆ ನೀರು ಹರಿದದ್ದು 1900ರಲ್ಲಿ. ಹದಿಮೂರು ವರ್ಷ! ಸಾಲ ಮೊದಲು ಬಂತು, ನೀರು ಆಮೇಲೆ ಬಂತು. ಟರ್ಲಾಕ್ ಹೇಗೋ ಉಳಿದುಕೊಂಡಿತು; ಇಂದಿಗೂ ಅದು ನೀರನ್ನೂ ವಿದ್ಯುತ್ತನ್ನೂ ಒದಗಿಸುತ್ತಿದೆ. ಅದರ ಜೊತೆಗೆ ಹುಟ್ಟಿದ ಜಿಲ್ಲೆಗಳಲ್ಲಿ ಬಹುಪಾಲು ಉಳಿಯಲಿಲ್ಲ. ಕೆಲವು ಕಡೆ ನೀರಿನ ಹಕ್ಕೇ ಖಚಿತವಿರಲಿಲ್ಲ, ಕೆಲವು ಕಡೆ ಖರ್ಚಿನ ಅಂದಾಜು ತಪ್ಪಿತ್ತು, ಬಾಂಡುಗಳನ್ನು ಕೊಳ್ಳುವವರೂ ಸಿಗಲಿಲ್ಲ. 1897ರಲ್ಲಿ ಕಾಯ್ದೆಯನ್ನು ಬಿಗಿ ಮಾಡಬೇಕಾಯಿತು.

ನಮ್ಮ ರಾಜ್ಯದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿವೆ, ಕೆರೆ ಸಂಘಗಳಿವೆ. ಇವುಗಳಿಗೂ ತೆರಿಗೆ ಹಾಕುವ, ಸಾಲ ಎತ್ತುವ ಬಲ ಬೇಕೆಂದು ಯಾರಾದರೂ ಕೇಳಿದರೆ ನಾನು ಪೂರಾ ಬೇಡವೆನ್ನಲಾರೆ. ಅಚ್ಚುಕಟ್ಟಿನ ಪ್ರತಿಯೊಬ್ಬನಿಂದಲೂ ವಸೂಲು ಮಾಡುವ ಹಕ್ಕು ಸಂಘಕ್ಕೆ ಇರಲೇಬೇಕು. ಇಲ್ಲದಿದ್ದರೆ ಅರಳಿಕಟ್ಟೆಯ ಕಥೆಯೇ ಮರುಕಳಿಸುತ್ತದೆ. ಸಾಲದ ಮಾತು ಬೇರೆ. ಕೆರೆಗೆ ಬರುವ ನೀರನ್ನು ಎಂಜಿನಿಯರು ಅಳೆದು ಬರೆದುಕೊಡುವ ತನಕ ಒಂದು ರೂಪಾಯಿಯನ್ನೂ ಎತ್ತಬಾರದು.

ಇನ್ನು ಕಾಲುವೆಯ ಕೊನೆಯ ಹೊಲದವನು. ತೂಬಿನ ಪಕ್ಕದವನಿಗೂ ಅವನಿಗೂ ಎಕರೆಗೆ ಒಂದೇ ದರ ಹಾಕುವುದು ಲೆಕ್ಕ ಬರೆಯುವವರಿಗೆ ಸುಲಭ. ಆದರೆ ಹತ್ತರಲ್ಲಿ ಆರು ವರ್ಷ ನೀರು ಕಾಣದವನ ಪಹಣಿಯಲ್ಲಿ ಸಾಲದ ಋಣ ಏರಿದರೆ, ಹರಾಜಿಗೆ ಮೊದಲು ಬರುವುದು ಅವನ ಎರಡೆಕರೆಯೇ. ಅವನ ಹೊಲಕ್ಕೆ ನೀರು ಮುಟ್ಟುವ ತನಕ ಅವನ ಮೇಲೆ ಕಂತು ಬೀಳಬಾರದೆಂದು ಮೊದಲ ಸಭೆಯ ನಡವಳಿ ಪುಸ್ತಕದಲ್ಲೇ ಬರೆಸಿರಿ. ಮೇಲ್ಭಾಗದವರು ತಕರಾರು ತೆಗೆಯುತ್ತಾರೆ. ತೆಗೆಯಲಿ, ಸಾಲಪತ್ರಕ್ಕೆ ಸಹಿ ಬೀಳುವ ಮೊದಲೇ ಆ ಜಗಳ ಮುಗಿಯಲಿ.