ವೈಯಾವೃತ್ತ್ಯವು ಮುನಿಗಳಿಗಷ್ಟೇ ಮೀಸಲೇ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಮನೆಗಳಲ್ಲಿ ಊರಿನಿಂದ ಕರೆತಂದ ಹಿರಿಯರ ಕುರಿತು ಒಂದೇ ಮಾತು: "ವಯಸ್ಸಾಯಿತು, ಮರೆವು ಸಹಜ." ಎಷ್ಟೋ ಸಲ ಇದು ಸುಳ್ಳು ಸಮಾಧಾನ. ಲೆಕ್ಕಪರಿಶೋಧಕನಾದ ನನಗೆ ಆ ಸುಳ್ಳು ಮೊದಲು ಕಾಣುವುದು ಪಾಸ್‌ಬುಕ್ಕಿನಲ್ಲಿ. ಜೀವಮಾನವಿಡೀ ಪೈಸೆ ಪೈಸೆಗೆ ಲೆಕ್ಕವಿಟ್ಟ ವ್ಯಾಪಾರಿ ಒಂದೇ ಬಿಲ್ಲನ್ನು ಎರಡು ಬಾರಿ ಕಟ್ಟಿರುತ್ತಾರೆ; ಸಹಿ ಹೊಂದದೆ ಚೆಕ್ಕು ಹಿಂದಿರುಗಿರುತ್ತದೆ; ಅವಧಿ ಮುಗಿದ ಠೇವಣಿಯ ನೆನಪೇ ಇರುವುದಿಲ್ಲ; ನವೆಂಬರಿನ ಜೀವಿತ ಪ್ರಮಾಣಪತ್ರ ಸಲ್ಲಿಸದೆ ಪಿಂಚಣಿ ನಿಂತಿರುತ್ತದೆ. ಹಣದ ವ್ಯವಹಾರದಲ್ಲಿ ಹೀಗೆ ತಡವರಿಸುವುದು ಡಿಮೆನ್ಷಿಯಾದ ಆರಂಭದ ಲಕ್ಷಣಗಳಲ್ಲೊಂದಾಗಿರಬಹುದು. ಬಚ್ಚಲಲ್ಲಿ ಜಾರಿ ಬೀಳುವುದು, ಗ್ಯಾಸ್ ಆರಿಸದೆ ಬಿಡುವುದು, ಬಟ್ಟೆ ಸಡಿಲಾಗುವಷ್ಟು ತೂಕ ಇಳಿಯುವುದು ಅನಂತರದ ಮಾತು. ಆಗಲೂ ನಾವು ವೈದ್ಯರತ್ತ ನೋಡದೆ ಸೊಸೆಯತ್ತ ನೋಡುತ್ತೇವೆ.

ಆಕೆಯೋ ಬೆಳಗಿನ ಲೋಕಲ್ ಹಿಡಿದು ದುಡಿಯಲು ಹೋಗುವವಳು. ಹಾಸಿಗೆ ಹಿಡಿದವರ ಮಗ್ಗುಲನ್ನು ಆಗಾಗ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನುಂಗಲು ಕಷ್ಟಪಡುವವರಿಗೆ ಮಲಗಿಸಿಯೇ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ಇವು ಪ್ರೀತಿಯಿಂದ ತಾವಾಗಿಯೇ ಬರುವ ವಿದ್ಯೆಗಳಲ್ಲ.

ತರಬೇತಿ ಪಡೆದ ದಾದಿಯನ್ನು ನೇಮಿಸಿಕೊಳ್ಳಿರೆಂದರೆ ಮಗ "ಜನ ಏನೆಂದಾರು?" ಎನ್ನುತ್ತಾನೆ. ಬಳಿಕ ಅಡುಗೆಮನೆಯ ಶುದ್ಧಿ, ಈರುಳ್ಳಿ-ಬೆಳ್ಳುಳ್ಳಿ, ಕೊನೆಗೆ ದಾದಿಯ ಜಾತಿ. ಆಕೆಯ ಡಬ್ಬಿಗೂ ನಮ್ಮ ಒಲೆಗೂ ಸಂಬಂಧವಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಉಣಿಸಬೇಕೆಂಬುದನ್ನು ಒಂದೇ ದಿನದಲ್ಲಿ ಹೇಳಿಕೊಡಬಹುದು. ಜಾತಿಯ ಆಕ್ಷೇಪಣೆಗೆ ಉತ್ತರ ಕೊಡುವುದೂ ಅದಕ್ಕೆ ಮಾಡುವ ಮರ್ಯಾದೆಯಾದೀತು.

ತತ್ತ್ವಾರ್ಥಸೂತ್ರವು ವೈಯಾವೃತ್ತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಮುನಿಸಂಘ ಬಂದಾಗ ಆ ಸೇವೆಗೆ ನಮ್ಮಲ್ಲಿ ಪೈಪೋಟಿ. ಕಲಶದ ಸವಾಲಿನಲ್ಲಿ ಲಕ್ಷಗಳ ಕೂಗು. ಹಾಗೆ ಕೂಗಿದವರ ಮನೆಯಲ್ಲೇ ತಾಯಿಗೆ ನೇಮಿಸಬೇಕಾದ ದಾದಿಯ ಸಂಬಳ ಮಾತ್ರ ದುಬಾರಿ! ಸವಾಲಿನ ಹಣದಲ್ಲಿ ಒಂದು ಪಾಲನ್ನು ಬಡ ಶ್ರಾವಕರ ಮನೆಯ ದಾದಿಯರಿಗೆಂದು ತೆಗೆದಿಡಲು ಬಸದಿಯ ಸಮಿತಿಗಳಿಗೆ ಯಾವ ಆಗಮ ಅಡ್ಡಬಂದಿದೆ?

ಇದಕ್ಕಿಂತ ಕ್ರೂರವಾದುದು ಇನ್ನೊಂದಿದೆ. ತಟ್ಟೆಯನ್ನು ದೂರ ತಳ್ಳುವ ರೋಗಿಯನ್ನು ತೋರಿಸಿ "ಸಲ್ಲೇಖನಕ್ಕೆ ಮನಸ್ಸು ಮಾಡಿದ್ದಾರೆ" ಎನ್ನುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ ಪ್ರತೀಕಾರವೇ ಇಲ್ಲದಾದಾಗ ಅದನ್ನು ವಿಧಿಸಿದರು. ವ್ರತವಾದರೋ ಅರಿತು ತೊಡುವಂಥದು. ತನ್ನ ಮಗನ ಹೆಸರನ್ನೇ ಮರೆತವರು ಯಾವ ವ್ರತವನ್ನು ತೊಟ್ಟಾರು? 2015ರಲ್ಲಿ ರಾಜಸ್ಥಾನದ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯೆಂದಾಗ ಬೀದಿಗಿಳಿದವರು ನಾವು. ಸುಪ್ರೀಂ ಕೋರ್ಟು ಆ ತೀರ್ಪನ್ನು ತಡೆಹಿಡಿದಾಗ ನಿಟ್ಟುಸಿರುಬಿಟ್ಟವರೂ ನಾವೇ. ಅಂಥ ನಾವು ನಿರ್ಲಕ್ಷ್ಯಕ್ಕೆ ಆ ಹೆಸರನ್ನು ತೊಡಿಸಬಾರದು. ಊಟ ಬಿಟ್ಟವರಿಗೆ ಹಲ್ಲುನೋವಿರಬಹುದು, ಮಲಬದ್ಧತೆಯಿರಬಹುದು, ಖಿನ್ನತೆಯಿರಬಹುದು, ಮೂರಕ್ಕೂ ಚಿಕಿತ್ಸೆಯುಂಟು. ವ್ರತದ ಮಾತೆತ್ತುವ ಮಕ್ಕಳನ್ನು ನಾನು ಕೇಳುವುದು ಇಷ್ಟೇ: ತಂದೆಯ ಬಾಯಿ ತೆರೆಸಿ ಹಲ್ಲು ನೋಡಿದ್ದೀರಾ?