ಪ್ರತಿವಾದಿ ಭಯಂಕರರ ಹೆಸರಿನಲ್ಲಿ

ಪಿ.ಬಿ. ಎಂಬ ಎರಡಕ್ಷರಗಳು ‘ಪ್ರತಿವಾದಿ ಭಯಂಕರ’ ಎಂಬುದರ ಸಂಕ್ಷೇಪವೆಂದು ತಿಳಿದಾಗ ನಗದವರು ವಿರಳ. ಅಷ್ಟು ಮೃದುವಾಗಿ ಹಾಡಿದ ಶ್ರೀನಿವಾಸರಿಗೆ ಅಂಥ ಮನೆತನದ ಹೆಸರು! ಈಚೆಗೆ ಅವರ ಅಭಿಮಾನಿಗಳ ಮಾತು ಕೇಳಿದರೆ ಆ ಬಿರುದು ಅವರಿಂದ ಇವರಿಗೆ ವರ್ಗಾವಣೆಯಾದಂತೆ ತೋರುತ್ತದೆ. ಯಾರಾದರೂ ಪಿ.ಬಿ.ಎಸ್. ಹಾಡುಗಳನ್ನು ಮತ್ತೆ ಹಾಡಿ ‘ಗಾನನಮನ’ವೆಂದು ಹೊರತಂದರೆ ಸಾಕು, ಎರಡು ತೀರ್ಪುಗಳು ಮೊದಲೇ ಸಿದ್ಧವಾಗಿರುತ್ತವೆ. ಮೂಲದಂತೆ ಹಾಡಿದರೆ ‘ಬರಿಯ ನಕಲು, ಇದೇಕೆ ಬೇಕಿತ್ತು?’ ಬೇರೆಯಾಗಿ ಹಾಡಿದರೆ ‘ಹಾಡನ್ನೇ ಕೆಡಿಸಿದರು!’ ಎರಡೂ ದಾರಿಗೆ ಬೇಲಿ ಹಾಕಿ, ಬರುವವರು ಬರಲಿ ಎನ್ನುವ ನ್ಯಾಯವಿದು. ಇದನ್ನು ನಾವು ಅಭಿಮಾನವೆಂದು ಒಪ್ಪಲಾರೆವು.

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಮಾತನ್ನಾಡುವ ಹಕ್ಕು ತುಸು ಹೆಚ್ಚೇ ಇದೆ. ಅಭಿಮಾನಿಗಳು ಆರಾಧಿಸುವ ಆ ಹಾಡುಗಳಲ್ಲಿ ಬಹುಪಾಲು ಹುಟ್ಟಿದ್ದು ಇದೇ ಊರಿನ ಕೋಡಂಬಾಕ್ಕಂ, ವಡಪಳನಿಗಳ ಸುತ್ತಣ ಸ್ಟುಡಿಯೋಗಳಲ್ಲಿ. ‘ಅಪ್ಪಟ ಕನ್ನಡದ ದನಿ’ ಎಂದು ನಾವು ಕೊಂಡಾಡುವ ಪಿ.ಬಿ.ಎಸ್. 1930ರಲ್ಲಿ ಕಾಕಿನಾಡದ ತೆಲುಗು ನೆಲದಲ್ಲಿ ಹುಟ್ಟಿದವರು. ಅವರೊಂದಿಗೆ ಹಾಡಿದ ಎಸ್. ಜಾನಕಿಯವರೂ ಆಂಧ್ರದಿಂದ ಬಂದವರೇ. ಜಿ.ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಸಹಾಯಕರಾಗಿ ದುಡಿದ ತರುಣನೊಬ್ಬ ಮುಂದೆ ಇಳೆಯರಾಜಾ ಆದರು. ಇದೇ ಪಿ.ಬಿ.ಎಸ್. ನಮ್ಮ ನೆರೆಮನೆಯ ತಮಿಳರಿಗೆ ಜೆಮಿನಿ ಗಣೇಶನ್ನರ ದನಿ. ಹೀಗೆ ಹಲವು ಭಾಷೆಗಳ ಜನ ಕೂಡಿ ಕಟ್ಟಿಕೊಟ್ಟ ಹಾಡನ್ನು ಇಂದು ಹೊಸಬರೊಬ್ಬರು ಹಾಡಿದರೆ, ‘ಹೊರಗಿನವರಿಗೆ ಕನ್ನಡದ ಸೊಗಡು ಬಾರದು’ ಎಂದು ಮೂಗು ಮುರಿಯುವುದು ಯಾವ ಇತಿಹಾಸಪ್ರಜ್ಞೆ?

‘ರಾಜ್ ಶರೀರ, ಪಿ.ಬಿ.ಎಸ್. ಶಾರೀರ’ ಎಂಬುದು ಅಭಿಮಾನಿ ವಲಯದ ನೆಚ್ಚಿನ ಮಾತು. ಮಾತು ಚೆಂದವಾಗಿದೆ. ಆದರೆ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರರಿಗೆ ದನಿಯಾದವರು ಸಿ.ಎಸ್. ಜಯರಾಮನ್. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್ ತಾವೇ ಹಾಡಿದರು. ಆಮೇಲೆ ‘ಜೀವನ ಚೈತ್ರ’ದ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಒಂದೇ ಶರೀರಕ್ಕೆ ಮೂರು ಶಾರೀರಗಳನ್ನು ಒಪ್ಪಿದ ಕಿವಿಗಳು, ಒಂದು ಹಾಡಿಗೆ ಎರಡನೆಯ ಶಾರೀರವನ್ನು ಒಪ್ಪಲಾರವೇ?

ಎದುರುವಾದದಲ್ಲಿ ಗಟ್ಟಿಯಾದದ್ದೊಂದು ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಮಾರ್ಗಳಿಯ ಮೈಲಾಪುರದ ಸಭೆಗಳಲ್ಲಿ ತ್ಯಾಗರಾಜರ ಒಂದೇ ಕೃತಿಯನ್ನು ಹತ್ತು ಮಂದಿ ಹತ್ತು ಬಗೆಯಲ್ಲಿ ಹಾಡುತ್ತಾರೆ. ಅಲ್ಲಿ ಮನೋಧರ್ಮಕ್ಕೆ ಎಡೆಯಿದೆ. ಚಿತ್ರಗೀತೆ ಹಾಗಲ್ಲ, ದನಿ, ಕೊಳಲಿನ ತುಣುಕು, ಪಿಟೀಲುಗಳ ಅಲೆ, ತೆರೆಯ ಮೇಲಿನ ಮುಖ ಎಲ್ಲವೂ ಕೂಡಿ ಒಂದೇ ಮುದ್ರಿಕೆಯಲ್ಲಿ ಎರಕಗೊಂಡಿರುತ್ತವೆ ಎನ್ನುತ್ತಾರೆ ಅವರು. ನಿಜ. ಆದರೆ ಎರಕಗೊಂಡದ್ದು ಮುದ್ರಿಕೆ, ಹಾಡಲ್ಲ. ಮುದ್ರಿಕೆ ಎಲ್ಲಿಗೂ ಹೋಗುವುದಿಲ್ಲ. ಹೊಸಬರು ಎಷ್ಟೇ ಕೆಟ್ಟದಾಗಿ ಹಾಡಿದರೂ ಅದರ ಒಂದು ಸ್ವರವೂ ಅಳಿಯದು. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಕಾಳಿಂಗರಾಯರೂ ಹಾಡಿದರು, ಅಶ್ವತ್ಥರೂ ಹಾಡಿದರು. ಒಬ್ಬರು ಇನ್ನೊಬ್ಬರನ್ನು ಅಳಿಸಲಿಲ್ಲ. ನಾಡಗೀತೆಗೆ ಒಂದೇ ಧಾಟಿ ಬೇಕೆಂದು 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯನ್ನು, ಎರಡೂವರೆ ನಿಮಿಷದ ಮಿತಿಯೊಡನೆ ನಿಗದಿಮಾಡಿತು. ಸಮೂಹಗಾನಕ್ಕೆ ಅಂಥ ಶಿಸ್ತು ಸಲ್ಲುತ್ತದೆ. ಪ್ರೇಮಗೀತೆಗೂ ಸರ್ಕಾರಿ ಆದೇಶ ಬೇಕೆ?

ಹಾಗೆಂದು ಹೊರಬರುವ ಆಲ್ಬಮ್‌ಗಳೆಲ್ಲ ನಮನಗಳೆಂದು ನಾವು ಹೇಳುತ್ತಿಲ್ಲ. ಸಿದ್ಧ ಕರೋಕೆ ಹಿಮ್ಮೇಳದ ಮೇಲೆ ದನಿಯೊಂದನ್ನು ಹರಡಿ, ಮೇಲೆ ಪಿ.ಬಿ.ಎಸ್. ಚಿತ್ರ ಹಾಕಿ ಮಾರುವುದು ವ್ಯಾಪಾರ. ಇಲ್ಲಿ ಕಾನೂನು ಅಭಿಮಾನಿಗಳಿಗಿಂತ ವಿವೇಕಿ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ ಶಾಸನಬದ್ಧ ಪರವಾನಗಿಯಡಿ, ಮೂಲ ಮುದ್ರಣವಾಗಿ ಐದು ವರ್ಷ ಕಳೆದ ಮೇಲೆ ಮುಂಗಡ ಗೌರವಧನ ಕಟ್ಟಿ ಹಾಡನ್ನು ಮತ್ತೆ ಮುದ್ರಿಸಬಹುದು. ಆದರೆ ಅದು ಮರುಗಾಯನವೆಂದು ಹೊದಿಕೆಯ ಮೇಲೆ ಹೇಳಲೇಬೇಕು. ಮೊದಲು ಹಾಡಿದವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಅಲ್ಲಿ ಹಾಕುವಂತಿಲ್ಲ. ಹಾಡು, ಆದರೆ ನಿನ್ನ ಹೆಸರಿನಲ್ಲಿ ಹಾಡು ಎಂಬುದೇ ಅದರ ತಾತ್ಪರ್ಯ.

ನಮ್ಮ ಸಿಟ್ಟು ತಿರುಗಬೇಕಾದದ್ದು ಇನ್ನೊಂದು ಕಡೆಗೆ. ಎಷ್ಟೋ ನಮನಗಳಲ್ಲಿ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ಹುಣಸೂರು ಕೃಷ್ಣಮೂರ್ತಿ ಅವರಂಥ ಗೀತರಚನಕಾರರ ಹೆಸರೇ ಇರುವುದಿಲ್ಲ. ವಿಜಯಭಾಸ್ಕರ್, ಟಿ.ಜಿ. ಲಿಂಗಪ್ಪ, ರಾಜನ್–ನಾಗೇಂದ್ರರು ಮಾಯ. ‘ಪಿ.ಬಿ.ಎಸ್. ಹಾಡು’ ಎಂಬ ಒಂದೇ ಮಾತಿನಲ್ಲಿ ಬರೆದವರು, ರಾಗ ಹಾಕಿದವರು, ನುಡಿಸಿದವರು ಎಲ್ಲರೂ ಕರಗಿಹೋಗುತ್ತಾರೆ. ಗಮಕವೊಂದು ಹೆಚ್ಚುಕಡಿಮೆಯಾದರೆ ಕೆರಳುವ ಅಭಿಮಾನಿ ಈ ಅಪಚಾರಕ್ಕೆ ಕೆರಳಿದ್ದನ್ನು ನಾವು ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯೋತ್ಸವದ ಸಂಜೆಯೊಂದರಲ್ಲಿ ಹುಡುಗಿಯೊಬ್ಬಳು ಪಿ.ಬಿ.ಎಸ್. ಹಾಡಿದ ಗೀತೆಯೊಂದನ್ನು ಹಾಡಿದಳು. ಕನ್ನಡ ಓದಲು ಬಾರದ ಆ ಮಗು ಸಾಹಿತ್ಯವನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡಿತ್ತು. ಕ–ಗ ಭೇದ ಅಲ್ಲಲ್ಲಿ ತಪ್ಪಿತು. ವೇದಿಕೆಯಿಂದ ಇಳಿದವಳಿಗೆ ಹಿರಿಯರೊಬ್ಬರು, ‘ಪಿ.ಬಿ.ಎಸ್. ಹಾಡನ್ನು ಮುಟ್ಟಬೇಡಮ್ಮ, ಬೇರೆ ಯಾವುದಾದರೂ ಹಾಡು’ ಎಂದರು. ಮರುವರ್ಷ ಅವಳು ಬೇರೆ ಯಾವುದನ್ನೂ ಹಾಡಲಿಲ್ಲ. ನಮ್ಮಲ್ಲಿ ಯಾರೂ ಆ ಹಿರಿಯರಿಗೆ ಎದುರಾಡಲಿಲ್ಲ. ಆ ಮೌನದ ಪಾಲು ನಮ್ಮದೂ ಹೌದು. ಶಾಲೆಯಲ್ಲಿ ಕನ್ನಡವಿಲ್ಲದ ಮಗುವಿಗೆ ನಾಲಗೆಯ ಮೇಲೆ ಕನ್ನಡ ಉಳಿಯಲು ಇದ್ದ ದಾರಿ ಈ ಹಾಡುಗಳೇ. ಕ–ಗ ತಿದ್ದುವುದು ಹತ್ತು ನಿಮಿಷದ ಕೆಲಸವಾಗಿತ್ತು.

ಜೇಬಿನ ತುಂಬ ಬಣ್ಣಬಣ್ಣದ ಲೇಖನಿ ಇಟ್ಟುಕೊಂಡು ಪಿ.ಬಿ.ಎಸ್. ಕವಿತೆ ಬರೆಯುತ್ತ ಕೂರುತ್ತಿದ್ದ ವುಡ್‌ಲ್ಯಾಂಡ್ಸ್ ಡ್ರೈವ್‌–ಇನ್ ಹೋಟೆಲು 2008ರಲ್ಲಿ ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. 2013ರ ಏಪ್ರಿಲ್ 14ರಂದು ಅವರೂ ಇದೇ ಊರಿನಲ್ಲಿ ತೀರಿಕೊಂಡರು. ಸೆಪ್ಟೆಂಬರ್ 22 ಅವರ ಜನ್ಮದಿನ. ಅಂದು ಮೊದಲು ಮಕ್ಕಳು ಹಾಡಲಿ. ಪ್ರತಿ ಹಾಡಿಗೂ ಮುನ್ನ ಬರೆದವರ, ರಾಗ ಹಾಕಿದವರ ಹೆಸರು ಹೇಳಲಿ. ‘ಅವರಂತೆ ಯಾರೂ ಹಾಡಲಾರರು’ ಎನ್ನುವವರು ಮುಂದಿನ ಸಾಲಿನಲ್ಲೇ ಕೂರಲಿ. ಆದರೆ ಹಾಡು ಮುಗಿದ ಮೇಲೆ ಆ ಮಕ್ಕಳನ್ನು ಪಕ್ಕಕ್ಕೆ ಕರೆದು ಉಚ್ಚಾರಣೆ ತಿದ್ದುವ ಹೊಣೆಯನ್ನೂ ಅವರೇ ಹೊರಲಿ.